ಒಣ ಬೆರಳು

ಇಳಕಲ್ಲಿನ ನಮ್ಮ ಪಡಸಾಲೆಯಲ್ಲಿ ಕಂಪ್ಯೂಟರ್ ಇದ್ದಷ್ಟು ದಿನ ಅಪ್ಪನಿಗೆ ಕೆಲಸವಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಬಾಯಿ ಬರುವುದಿಲ್ಲ.

ನಾನು ಸೀರೆಯ ದಡಿಗೆ, ಸೆರಗಿಗೆ ಡಿಸೈನ್ ಬರೆಯುವವಳು. ಅಪ್ಪ ನೇಕಾರ. ಮೊಣಕಾಲು ಮಡಚಲಾರದೆ ಮಗ್ಗದ ಕುಣಿಗೆ ಇಳಿಯುವುದು ನಿಂತ ಮೇಲೆ, ಸುಮ್ಮನೆ ಕೂತು ಕೂತು ಬೇಸತ್ತು ನನ್ನ ಪಕ್ಕ ಕುರ್ಚಿ ಎಳೆದುಕೊಂಡ. ಪರದೆಯ ತುಂಬ ಚೌಕಗಳು. ಒಂದು ಚೌಕವೆಂದರೆ ಒಂದು ಎಳೆ. ಅಷ್ಟು ಗೊತ್ತಾದ ಮೇಲೆ ಅವನಿಗೆ ಇನ್ನೇನೂ ಹೇಳಿಕೊಡಬೇಕಾಗಲಿಲ್ಲ. ಮೌಸನ್ನು ಲಾಳಿ ಹಿಡಿದಂತೆ ಹಿಡಿದು ಕುಳಿತುಬಿಟ್ಟ. ನಾನು ಹೂವಿನ ಹೊರಗೆರೆ ಬರೆದು ಬಿಡುವುದು, ಒಳಗಿನ ಚೌಕಗಳನ್ನು ಒಂದೊಂದಾಗಿ ತುಂಬುವುದು ಅವನು. "ಇಲ್ಲಿ ಎರಡ ಎಳಿ ತಪ್ಪ್ಯಾವ ಯವ್ವಾ, ಮಗ್ಗದಾಗ ಹೂವಿನ ಕುತ್ತಿಗಿ ಮುರೀತೈತಿ" ಎಂದು ಕಾಡುವುದು ಬೇರೆ. ನನಗೆ ಸಿಟ್ಟು ಬರುತ್ತಿತ್ತು. ಯಾಕೆಂದರೆ ಖರೇನೇ ತಪ್ಪಿರುತ್ತಿತ್ತು.

ಟ್ಯಾಬ್ ಕೊಳ್ಳಲು ನನ್ನ ಬಳಿ ಕಾರಣಗಳಿಗೇನೂ ಬರವಿರಲಿಲ್ಲ. ಕರೆಂಟ್ ಹೋದರೂ ನಡೆಯುತ್ತದೆ, ಬಾದಾಮಿ ಬಸ್ಸಿನಲ್ಲೂ ಬರೆಯಬಹುದು, ಪಟ್ಟದಕಲ್ಲಿನ ಕಂಬದ ಬಳ್ಳಿಯನ್ನು ಕಂಬದೆದುರೇ ಕೂತು ಇಳಿಸಿಕೊಳ್ಳಬಹುದು. ಕಂಪ್ಯೂಟರ್ ಮಾರಿದೆ, ಮೇಜನ್ನೂ ಯಾರಿಗೋ ಕೊಟ್ಟೆ. ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ.

ಟ್ಯಾಬ್ ಬಂದ ವಾರ ಅಪ್ಪ ಕನ್ನಡಕ ಒರೆಸಿಕೊಂಡು ಎಂದಿನಂತೆ ಬಂದು ಕೂತ. ತೊಡೆಯ ಮೇಲೆ ಇಟ್ಟುಕೊಟ್ಟೆ. ಚೌಕದ ಮೇಲೆ ಬೆರಳಿಟ್ಟ. ತುಂಬಲಿಲ್ಲ. ಒತ್ತಿದ, ಬೆರಳು ಬದಲಿಸಿದ, ಎಡಗೈ ಇಟ್ಟು ನೋಡಿದ. ನಾನು ಮುಟ್ಟಿದರೆ ತಟ್ಟನೆ ತುಂಬುತ್ತಿತ್ತು.

"ನನ್ನ ಬೆರಳ ಸತ್ತಾವೇನ?" ಎಂದ. ನಗುತ್ತಲೇ ಕೇಳಿದ, ಆದರೆ ಮುಖ ಬಿಳಿಚಿತ್ತು. ಅವನ ತಮ್ಮನಿಗೆ ಲಕ್ವಾ ಹೊಡೆದದ್ದು ಬೆರಳಿನಿಂದಲೇ ಶುರುವಾಗಿತ್ತು.

ಆಮೇಲೆ ಅವನು ನೇಕಾರರೆಲ್ಲ ಮಾಡುವುದನ್ನೇ ಮಾಡಿದ. ಮಗ್ಗದಲ್ಲಿ ಎಳೆ ಹರಿದರೆ ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ, ಆ ತೇವದಲ್ಲೇ ಎರಡು ತುದಿ ಹೊಸೆದು ಕೂಡಿಸುತ್ತಾರೆ. ಹಾಗೆಯೇ ಬೆರಳು ತೋಯಿಸಿ ಗಾಜಿನತ್ತ ಚಾಚಿದ. ನಾನು ಟ್ಯಾಬ್ ಕಸಿದುಕೊಂಡೆ. "ಏ ಅಪ್ಪಾ, ಎಂಜಲ ಹಚ್ಚತೀಯಲ್ಲ! ನಾಚಿಕಿ ಬರೂದಿಲ್ಲೇನ ನಿನಗ?" ಅಂದೆ. ಸೀರೆ ನೋಡಲು ಬಂದಿದ್ದ ಇಬ್ಬರು ಗಿರಾಕಿಗಳು ಎದುರಿಗೇ ಕೂತಿದ್ದರು. ಅವನು ಮುಟ್ಟಿಯೇ ಇರದ ಗಾಜನ್ನು ಓಢಣಿಯಿಂದ ಒರೆಸಿದೆ. ಅಪ್ಪ ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಎದ್ದು ಹೋದ.

ಮತ್ತೆ ಬರಲಿಲ್ಲ. ಬಿಸಿ ಚಹಾದ ಲೋಟಕ್ಕೆ ಒಂದೊಂದೇ ಬೆರಳು ಹಚ್ಚಿ, ಚುರ್ ಅನ್ನುತ್ತದೋ ಇಲ್ಲವೋ ಅಂತ ನೋಡಿಕೊಳ್ಳುತ್ತಿದ್ದ. ಹುನಗುಂದದ ದವಾಖಾನೆಗೂ ಒಬ್ಬನೇ ಹೋಗಿ ಬಂದ. ಏನೂ ಆಗಿಲ್ಲ ಅಂದರಂತೆ, ಅವನು ನಂಬಲಿಲ್ಲ. ನನ್ನ ಡಿಸೈನುಗಳಲ್ಲಿ ತಪ್ಪಿದ ಎಳೆಗಳು ಹಾಗೇ ಉಳಿಯತೊಡಗಿದವು. ಹೇಳುವವರಿರಲಿಲ್ಲ.

ಎರಡು ತಿಂಗಳ ಮೇಲೆ ಟ್ಯಾಬಿನ ಗಾಜು ಬಿರುಕು ಬಿಟ್ಟಿತು. ಬಾಗಲಕೋಟೆಗೆ ರಿಪೇರಿಗೆ ಒಯ್ದಾಗ ಮಾತಿನ ನಡುವೆ ಅಪ್ಪನ ಸಂಗತಿ ಹೇಳಿದೆ. ರಿಪೇರಿಯವನು ತಲೆಯೆತ್ತದೆ, "ನೇಕಾರರೇನ್ರಿ? ಭಾಳ ಮಂದಿದು ಹಿಂಗ ಆಗ್ತೈತ್ರಿ. ಬೆರಳು ಜಡ್ಡುಗಟ್ಟಿ ಒಣಗಿರತೈತಿ, ಪರದಿಗೆ ಗೊತ್ತಾಗೂದಿಲ್ಲ. ಒಂಚೂರು ಹಸಿ ಮಾಡ್ಕೊಂಡು ಮುಟ್ಟಂತ ಹೇಳ್ರಿ, ಸಾಕು" ಅಂದ.

ಊರು ಮುಟ್ಟುವವರೆಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತಿತ್ತು. ಯಾರೂ ಹೇಳಿಕೊಡದೆ ಅವನೇ ಕಂಡುಕೊಂಡಿದ್ದ. ಒಂದು ಕ್ಷಣ ನಾನು ಸುಮ್ಮನಿದ್ದರೆ ಆ ಚೌಕ ತುಂಬುತ್ತಿತ್ತು.

ಮನೆಗೆ ಬಂದವಳೇ ಅವನ ಮುಂದೆ ಕೂತೆ. "ಅಪ್ಪಾ, ನಿನ್ನ ಬೆರಳಿಗೆ ಏನೂ ಆಗಿಲ್ಲ. ತಪ್ಪು ನಂದ. ಅವತ್ತ ಮಾಡಿದ್ಯಲ್ಲ, ಹಂಗ ಬೆರಳು ಹಸಿ ಮಾಡಿ ಮುಟ್ಟು" ಎಂದೆ. ಅಳು ತಡೆಯಲಿಲ್ಲ.

ಅಪ್ಪ ನನ್ನನ್ನೂ ಟ್ಯಾಬನ್ನೂ ನೋಡಿ, ಎದ್ದು ಬಚ್ಚಲಿಗೆ ಹೋದ. ನೀರಿನ ಸದ್ದು ಬಹಳ ಹೊತ್ತು ಕೇಳಿತು. ಒಂದು ಬೆರಳನ್ನೂ ಬಿಡದೆ ಟವೆಲ್ಲಿನಿಂದ ಒರೆಸುತ್ತ ಬಂದು, ಎರಡೂ ಅಂಗೈಗಳನ್ನು ನನ್ನೆದುರು ಹಿಡಿದ.

"ಸಾಬೂನು ಹಚ್ಚಿ ತೊಳಕೊಂಡೇನಿ, ನೋಡು. ಎಂಜಲಿಲ್ಲ."

ಆ ಒಣ ಬೆರಳನ್ನು ಚೌಕದ ಮೇಲಿಟ್ಟು, ಅದು ತುಂಬಲಿ ಅಂತ ಕಾಯುತ್ತ ಕೂತ.