ಲಾನ್ ದೊಡ್ಡಮ್ಮನ ‘ಬಂತು’

ಚೀನಾದ ಚೆಂಗ್ಡುವಿನ ಸೂಜಿವೈದ್ಯದ ಕಾಲೇಜಿಗೆ ಅಂಟಿಕೊಂಡ ದವಾಖಾನೆಯಲ್ಲಿ ಲಾನ್ ದೊಡ್ಡಮ್ಮನಷ್ಟು ಬೇಡಿಕೆಯ ರೋಗಿ ಬೇರೊಬ್ಬರಿರಲಿಲ್ಲ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಿಯಾದವಳು. ಗಂಟಲಿಗೆ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ. ಬಲಭುಜ ಬಿಗಿದುಕೊಂಡು ಕೈ ಎದೆಮಟ್ಟದಿಂದ ಮೇಲೇಳುತ್ತಿರಲಿಲ್ಲ. ತಲೆ ಬಾಚುವುದೂ ಎಡಗೈಯಲ್ಲಿ, ಮಾಜಾಂಗ್ ಆಡುವುದೂ ಎಡಗೈಯಲ್ಲಿ. ಆದರೂ ಅವಳು ದೊಡ್ಡ ವೈದ್ಯರನ್ನು ಬಿಟ್ಟು ಕಲಿಯುವ ಹುಡುಗರ ಕೋಣೆಗೇ ಬರುತ್ತಿದ್ದಳು. ಅವಳ ಸೊಸೆಯ ಕತೆ ಕೇಳಲು ದೊಡ್ಡ ವೈದ್ಯರಿಗೆ ಪುರುಸೊತ್ತೆಲ್ಲಿ?

ಸೂಜಿ ಸರಿಯಾದ ಜಾಗ ಮುಟ್ಟಿದರೆ ಒಳಗೆ ಜೋಮೋ ಸೆಳೆತವೋ ಹುಟ್ಟಬೇಕು. ಅದಕ್ಕೇ ಹುಡುಗರು ಚುಚ್ಚಿ ಕೇಳುವುದು ಒಂದೇ ಮಾತು: "ಬಂತಾ?" ಯಾರು ಎಲ್ಲಿ ಚುಚ್ಚಿದರೂ ದೊಡ್ಡಮ್ಮ, "ಬಂತು ಮಗಾ, ಚೆನ್ನಾಗೇ ಬಂತು" ಎನ್ನುತ್ತಿದ್ದಳು. ಪಾಪ, ಬೆವರುತ್ತಿರುವ ಮಕ್ಕಳು. ಒಂದು ಮಾತು ಹೇಳಿದರೆ ಇವಳ ಗಂಟೇನು ಹೋಗುತ್ತದೆ? ಹೀಗೆ ತಂಡತಂಡವೇ ಪಾಸಾಗಿ ಹೋಯಿತು. ಭುಜ ಮಾತ್ರ ಇದ್ದ ಹಾಗೇ ಇತ್ತು.

ಈ ಸಲದ ತಂಡದಲ್ಲಿ ಪಾಸಾಗದೆ ಉಳಿದವಳು ತಾನ್ ಲೂ, ಸೂಜಿ ಹಿಡಿದರೆ ಕೈ ನಡುಗುವ ಹುಡುಗಿ. ಇವತ್ತು ಪರೀಕ್ಷೆ ತೆಗೆದುಕೊಳ್ಳುವ ಗೌ ಮೇಷ್ಟ್ರು ಪಾಸಿನ ಕಾಗದಕ್ಕೆ ಸಹಿ ಹಾಕದಿದ್ದರೆ ಇನ್ನೊಂದು ವರ್ಷ ಇದೇ ಕೋಣೆ. ಹೇಗಾದರೂ ಇವಳನ್ನು ದಡ ಸೇರಿಸಬೇಕೆಂದು ದೊಡ್ಡಮ್ಮ ಪ್ಯಾಂಟು ಮಡಚಿ ಕುಳಿತಳು. ಭುಜದ ನೋವಿಗೆ ಸೂಜಿ ಮೊಣಕಾಲಿನ ಕೆಳಗೆ. ಅದು ಆ ವೈದ್ಯದ ಕ್ರಮ.

"ಬಂತು," ಎಂದಳು ದೊಡ್ಡಮ್ಮ.

"ದೊಡ್ಡಮ್ಮ, ಸೂಜಿ ಇನ್ನೂ ಅವಳ ಕೈಯಲ್ಲೇ ಇದೆ," ಎಂದರು ಮೇಷ್ಟ್ರು.

"ಬಸ್ಸು ತಿರುವಲ್ಲಿರೋವಾಗ್ಲೇ ಸ್ಟಾಪು ಬಂತು ಅಂತ ನಂಗೆ ಗೊತ್ತಾಗ್ತಿತ್ತು ಬಿಡಿ."

"ಇವತ್ತು ನೀವು ಬಾಯಿ ಬಿಡೋ ಹಾಗಿಲ್ಲ. ಬಂತೋ ಇಲ್ವೋ ಅವಳೇ ಹೇಳ್ಲಿ. ಸೂಜಿ ಹಿಡಿದ ಬೆರಳಿಗೂ ಗೊತ್ತಾಗ್ಬೇಕು."

ದೊಡ್ಡಮ್ಮನಿಗೆ ಬಾಯಿ ಮುಚ್ಚುವುದೆಂದರೆ ಉಸಿರು ಕಟ್ಟಿದ ಹಾಗೆ. ಸೂಜಿ ಒಳಗೆ ಹೋಯಿತು. ಏನೂ ಆಗಲಿಲ್ಲ. ಬಂತು ಅನ್ನೇ ಹುಡುಗಿ, ಎಂದು ಕಣ್ಣಲ್ಲೇ ಗದರಿದಳು.

"ಬಂದಿಲ್ಲ ಮೇಷ್ಟ್ರೇ," ಎಂದಳು ತಾನ್ ಲೂ.

ಇಂಥ ಪೆದ್ದು ಹುಡುಗಿಯನ್ನು ದೊಡ್ಡಮ್ಮ ಎಲ್ಲೂ ಕಂಡಿರಲಿಲ್ಲ.

ತಾನ್ ಲೂ ಸೂಜಿಯನ್ನು ಸ್ವಲ್ಪ ಹಿಂದಕ್ಕೆಳೆದು, ಓರೆ ಮಾಡಿ, ಮತ್ತೆ ಮೆಲ್ಲಗೆ ಇಳಿಸಿದಳು. ಮೇಷ್ಟ್ರು ಎದುರಿಗಿರುವುದನ್ನೇ ಮರೆತಂತಿದ್ದಳು. ಕೈ ನಡುಗಲಿಲ್ಲ. ಇದ್ದಕ್ಕಿದ್ದಂತೆ ದೊಡ್ಡಮ್ಮನ ಮೊಣಕಾಲಿನಿಂದ ಪಾದದವರೆಗೆ ಒಂದು ಸೆಳೆತ ಝುಮ್ಮೆಂದು ಓಡಿತು.

"ಈಗ ಬಂತು," ಎಂದಳು ತಾನ್ ಲೂ.

"ನಿನ್ನ ಮನೆ ಹಾಳಾಗ, ಕಾಲು ಕಿತ್ತೇ ತೆಗೆದ್ಯಲ್ಲೇ," ಎಂದು ಅರಚಿ ದೊಡ್ಡಮ್ಮ ಹುಡುಗಿಯ ತಲೆಗೆ ಮೊಟಕಲು ಕೈ ಎತ್ತಿದಳು.

ಎತ್ತಿದ್ದು ಬಲಗೈ. ಅದು ಕಿವಿ ದಾಟಿ ಮೇಲೆ ಹೋಗಿತ್ತು. ಎಲ್ಲರೂ ಅದನ್ನೇ ನೋಡಿದರು, ದೊಡ್ಡಮ್ಮನೂ ನೋಡಿದಳು.

ಗೌ ಮೇಷ್ಟ್ರು ಸಹಿ ಹಾಕಿದರು. "ಅಲ್ಲಾ ದೊಡ್ಡಮ್ಮ, ಹಾಗಾದ್ರೆ ಇಷ್ಟು ದಿನ ಬಂತು ಬಂತು ಅಂತಿದ್ರಲ್ಲ?"

"ಮಕ್ಕಳು ಪಾಸಾಗ್ಲಿ ಅಂತ."

"ಆದ್ರಲ್ಲ. ಈಗ ಊರವರಿಗೆಲ್ಲಾ ಅವರೇ ಚುಚ್ತಾ ಇರೋದು."

ಲಾನ್ ದೊಡ್ಡಮ್ಮ ಎತ್ತಿದ ಕೈ ಇಳಿಸುವುದನ್ನೂ ಮರೆತು ಕುಳಿತಳು.