ಮೊದಲ ಸಾಲಿನ ಆರು ಸೀಟುಗಳು

2007ರಲ್ಲಿ ನಾನು ಮುಂಬೈಯ ಒಂದು ಖಾಸಗಿ ವಿಮಾನ ಸಂಸ್ಥೆಯ ಯೋಜನಾ ವಿಭಾಗದಲ್ಲಿ ಮ್ಯಾನೇಜರ್ ಆಗಿದ್ದೆ. ಹುಟ್ಟೂರು ಬಸ್ರೂರು. 1997ರಲ್ಲಿ ಟಿಕೆಟ್ ಕೌಂಟರಿಗೆ ಸೇರಿದವಳು ಹತ್ತು ವರ್ಷದಲ್ಲಿ ಯಾವ ಊರಿಗೆ ಯಾವ ವಿಮಾನ ಹಾರಬೇಕು, ಅದರಲ್ಲಿ ಎಷ್ಟು ಸೀಟು ಇರಬೇಕು ಎಂದು ಹೇಳುವ ಕುರ್ಚಿಗೆ ಏರಿದ್ದೆ. ಆ ಕುರ್ಚಿಯ ಅಹಂಕಾರವೂ ಸ್ವಲ್ಪ ಏರಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ನಮ್ಮ ಸಂಸ್ಥೆ ಆಗಷ್ಟೇ ಊಟ ಕೊಡುವ, ಎರಡು ದರ್ಜೆಯ ಸೇವೆಯನ್ನು ಬಿಟ್ಟು ಕಡಿಮೆ ದರದ ಸೇವೆಗೆ ಹೊರಳಿತ್ತು. ಇದರ ತರ್ಕ ಸರಳ. ವಿಮಾನ ಮೇಲೇರಿದ ಮೇಲೆ ಇಂಧನ, ಪೈಲಟ್, ಇಳಿಯುವ ನಿಲ್ದಾಣದ ಶುಲ್ಕ ಎಲ್ಲವೂ ಹೆಚ್ಚುಕಡಿಮೆ ಅಷ್ಟೇ. ಸೀಟು ಹೆಚ್ಚಿದಂತೆ ಆ ಖರ್ಚು ಹೆಚ್ಚು ಜನರ ಮೇಲೆ ಹಂಚಿಹೋಗುತ್ತದೆ, ಟಿಕೆಟ್ ಅಗ್ಗವಾಗುತ್ತದೆ. ನಮ್ಮ ಜೆಟ್‌ನಲ್ಲಿ 168 ಸೀಟುಗಳಿದ್ದವು. ಐವತ್ತು ಸೀಟಿಗೆ ಒಬ್ಬರಂತೆ ಗಗನಸಖಿಯರು ಬೇಕೆಂಬುದು ನಿಯಮ, ಹಾಗಾಗಿ ನಾಲ್ವರು ಇದ್ದರು. ಸೀಟು 180 ಆದರೂ ಆ ನಾಲ್ವರೇ ಸಾಕು. ಅಂದರೆ ಹನ್ನೆರಡು ಸೀಟು ಪುಕ್ಕಟೆ ಸಿಕ್ಕಂತೆ. ಈ ಸಂಗತಿ ಕಂಡುಹಿಡಿದವಳು ನಾನು.

ಹನ್ನೆರಡು ಸೀಟು ಅಂದರೆ ಎರಡು ಸಾಲು. ಒಂದಕ್ಕೆ ಜಾಗ ಮಾಡಲು ಸೀಟ್ ಪಿಚ್ ಕಡಿಮೆ ಮಾಡಿದೆ. ಒಂದು ಸೀಟಿನ ಬೆನ್ನಿನಿಂದ ಹಿಂದಿನ ಸೀಟಿನ ಬೆನ್ನಿನವರೆಗಿನ ಅಂತರಕ್ಕೆ ಹಾಗೆನ್ನುತ್ತಾರೆ. 31 ಇಂಚು ಇದ್ದದ್ದು 29 ಆಯಿತು. ಇನ್ನೊಂದು ಸಾಲಿಗೆ, ಮುಂದಿನ ಗೋಡೆಯ ಎದುರು ಕಾಲು ಚಾಚಲು ಇದ್ದ ಖಾಲಿ ಜಾಗವನ್ನೇ ನುಂಗಿಹಾಕಿದೆ. ಯಾವ ಮಾರ್ಗದಲ್ಲಿ ಮೊದಲು ಪರೀಕ್ಷಿಸೋಣ ಎಂದು ನಿರ್ದೇಶಕರು ಕೇಳಿದಾಗ ನಾನು ತಡವರಿಸಲೇ ಇಲ್ಲ. "ಮುಂಬೈ–ಮಂಗಳೂರು ಸರ್. ಆ ಮಾರ್ಗದಿಂದ ಮೂರು ವರ್ಷದಲ್ಲಿ ಒಂದೇ ಒಂದು ಲಿಖಿತ ದೂರು ಬಂದಿಲ್ಲ. ನಮ್ಮ ಕುಂದಾಪುರ, ಬೈಂದೂರು ಕಡೆಯವರು ರಾತ್ರಿ ಬಸ್ಸಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಊರಿಗೆ ಹೋದವರು. ಒಂದೂವರೆ ಗಂಟೆ ಅವರಿಗೆ ಯಾವ ಲೆಕ್ಕ?" ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಊರಿನವರ ಪರವಾಗಿ ಮಾತಾಡುವ ಅಧಿಕಾರ ನನಗಲ್ಲದೆ ಇನ್ಯಾರಿಗೆ ಎಂದುಕೊಂಡಿದ್ದೆ.

ಹೊಸ ಜೋಡಣೆ ಬಂದು ಹತ್ತು ದಿನವಾದ ಮೇಲೆ, ಪ್ರಯಾಣಿಕರ ಅಭಿಪ್ರಾಯ ಸಂಗ್ರಹಿಸಲು ಬೆಳಗಿನ ವಿಮಾನ ಹತ್ತಿದೆ. ಎರಡನೆಯ ಸಾಲಿನಲ್ಲಿ ನಾನು, ತೊಡೆಯ ಮೇಲೆ ಅಭಿಪ್ರಾಯ ಪತ್ರಗಳ ಕಟ್ಟು. ವಿಮಾನ ಭರ್ತಿಯಾಗಿತ್ತು. ಕೊನೆಯಲ್ಲಿ ಗಾಲಿಕುರ್ಚಿಯಲ್ಲಿ ಐವತ್ತರ ಆಸುಪಾಸಿನ ಒಬ್ಬರನ್ನು ಬಾಗಿಲವರೆಗೆ ತಂದರು. ಬಲಗಾಲಿಗೆ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್. ಮೊದಲ ಸಾಲಿನಲ್ಲಿ ಕಾಲು ಚಾಚಬಹುದೆಂಬ ಹಳೆಯ ರೂಢಿಯಲ್ಲಿ ಕೌಂಟರಿನ ಹುಡುಗ ಅವರಿಗೆ ಅಲ್ಲೇ ಸೀಟು ಕೊಟ್ಟಿದ್ದ. ಆ ಜಾಗ ಈಗ ಇಲ್ಲವೆಂದು ಕೌಂಟರಿನವರಿಗೆ ತಿಳಿಸಬೇಕೆಂಬುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಅವರು ಕೂರಲು ನೋಡಿದರು. ಕಾಲು ಗೋಡೆಗೆ ಬಡಿಯಿತು. ಓರೆಯಾಗಿ ಕೂತರು, ಕಾಲು ನಡುದಾರಿಗೆ ಬಂತು. ತುರ್ತಿನಲ್ಲಿ ಜನ ಓಡುವ ದಾರಿ ಅದು, ಅಲ್ಲಿ ಕಾಲಿಡುವಂತಿಲ್ಲ. ತುರ್ತು ಬಾಗಿಲಿನ ಪಕ್ಕದ ಸಾಲಿನಲ್ಲಿ ಕಾಲು ಚಾಚಲು ಜಾಗವಿದ್ದರೂ ಗಾಯಾಳುಗಳನ್ನು ಅಲ್ಲಿ ಕೂರಿಸುವಂತಿಲ್ಲ. ಗಗನಸಖಿ ಚಿಕ್ಕ ಹುಡುಗಿ, ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ತಡೆಯಲಾರದೆ, ನಮ್ಮ ಕುಂದಾಪುರದ ಮಾತಿನಲ್ಲೇ, "ಎಲ್ಲಿಗ್ ಹೋಯ್ಕ್ ನಿಮ್ಗೆ?" ಎಂದು ಕೇಳಿದೆ.

ಅವರ ಮುಖ ಅರಳಿತು. "ಹ್ವಾಯ್, ನಮ್ ಬದಿಯರಾ ಅಕ್ಕ? ಶಿರೂರಿಗ್ ಹೋಯ್ಕ್. ಬೆಳ್ಗಿನ್ ಜಾವ ಅಬ್ಬಿ ತೀರ್ಕಂಡ್ರ್. ನಾನ್ ಹಿರಿ ಮಗ. ಮಧ್ಯಾಹ್ನ ಮೂರ್ ಗಂಟಿ ತನ್ಕ ಕಾಯ್ತ್ರಂಬ್ರ್. ಈ ಹೆಣ್ಣಿಗ್ ಒಂಚೂರ್ ಹೇಳಿ, ನಾ ಹೆಂಗಾರೂ ಕೂಕಂತೆ."

ಅಬ್ಬಿ ಅಂದರೆ ನಮ್ಮ ಕಡೆ ತಾಯಿ. ನನ್ನ ನಕ್ಷೆಯಲ್ಲಿ ಆ ಕಾಲಿಗೆ ಜಾಗವೇ ಇರಲಿಲ್ಲ. ಅವರೇ ಮತ್ತೆ, "ಒಂದ್ ಕತ್ರಿ ಕೊಡುಕೆ ಹೇಳಿ. ಪ್ಲಾಸ್ಟರ್ ಒಡ್ದ್ ಕಾಲ್ ಮಡ್ಚ್ತೆ" ಎಂದರು. ಹೇಳಿದವರು ಕತ್ತರಿಗೆ ಕಾಯಲೂ ಇಲ್ಲ. ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಮೊಣಕಾಲಿನ ಮೇಲೆಯೇ ಹೊಡೆದುಕೊಳ್ಳತೊಡಗಿದರು. ಒಂದು, ಎರಡು, ಮೂರು. ಬಿಳಿ ಪುಡಿ ನನ್ನ ಅಭಿಪ್ರಾಯ ಪತ್ರಗಳ ಮೇಲೆ ಬಿತ್ತು. ಹತ್ತು ವರ್ಷದಲ್ಲಿ ವಿಮಾನದೊಳಗೆ ಜಗಳ ಕಂಡಿದ್ದೆ, ಕಣ್ಣೀರು ಕಂಡಿದ್ದೆ. ನಾನು ಕೊಟ್ಟ ಅಳತೆಗೆ ಹೊಂದಲು ಮನುಷ್ಯ ತನ್ನ ಮುರಿದ ಕಾಲನ್ನೇ ಮತ್ತೆ ಮುರಿದುಕೊಳ್ಳಲು ಹೊರಟದ್ದನ್ನು ಕಂಡಿರಲಿಲ್ಲ.

ಇಬ್ಬರು ಪ್ರಯಾಣಿಕರು ಅವರ ಕೈ ಹಿಡಿದರು. ಕ್ಯಾಪ್ಟನ್ ಹೊರಬಂದು ನೋಡಿ, ಇವರನ್ನು ಇಳಿಸಲೇಬೇಕು ಎಂದರು. ಅವರು ಹೇಳಿದ್ದು ಸರಿಯೇ. ಇಳಿಯುವ ಮುನ್ನ ಆ ಮನುಷ್ಯ ನನ್ನ ಕೈಗೆ ಫೋನ್ ನಂಬರ್ ಬರೆದ ಒಂದು ಚೀಟಿ ಕೊಟ್ಟರು. "ಮಂಗ್ಳೂರಂಗ್ ಇಳ್ದ್ ಕೂಡ್ಲೆ ನನ್ ತಮ್ಮಂಗ್ ಒಂದ್ ಫೋನ್ ಮಾಡಿ. ವೆಂಕಟಣ್ಣ ಬತ್ತಿಲ್ಲೆ, ಕಾಯ್ಬೇಡಿ ಅಂದ್ ಹೇಳಿ. ನಂಗ್ ಹೇಳುಕೆ ಬಾಯ್ ಬತ್ತಿಲ್ಲೆ." ಬೇರೆ ವಿಮಾನವಿದ್ದದ್ದು ಸಂಜೆಗೆ. ರೈಲು ಬೈಂದೂರು ಮುಟ್ಟುವುದು ಮರುದಿನ.

ನಾನು ಯಾರೆಂದು ಹೇಳಲಿಲ್ಲ. ಅವರ ಜೊತೆ ಇಳಿಯಲೂ ಇಲ್ಲ. ಬೆಲ್ಟ್ ಕಟ್ಟಿಕೊಂಡು ಕೂತಿದ್ದೆ. ಮಂಗಳೂರಿನಲ್ಲಿ ಇಳಿದು ಅವರ ತಮ್ಮನಿಗೆ ಫೋನ್ ಮಾಡಿದೆ. "ಆಯ್ತ್ ಅಕ್ಕ. ಹಾಂಗಾರೆ ಅಬ್ಬಿನ್ ಹೊರ್ಡ್ಸ್ತೊ" ಎಂದ. ಅಷ್ಟು ಹೊತ್ತಿಗೆ ಪ್ರಯಾಣಿಕರು ಪತ್ರಗಳನ್ನು ತುಂಬಿ ಕೊಟ್ಟು ಹೋಗಿದ್ದರು. ಎಲ್ಲವನ್ನೂ ಕಣ್ಣಾರೆ ಕಂಡ ಆ ಜನ, ಒಬ್ಬರೂ ಬಿಡದೆ, "ಸೇವೆ ಚೆನ್ನಾಗಿದೆ" ಎಂದು ಬರೆದಿದ್ದರು. ಓದಿ ನನಗೆ ತಲೆ ಕೆಟ್ಟುಹೋಯಿತು.

ಎರಡು ವಾರ ಬಿಟ್ಟು ರಜೆ ಹಾಕಿ ಶಿರೂರಿಗೆ ಹೋದೆ. ವೆಂಕಟಣ್ಣ ಜಗಲಿಯಲ್ಲಿ, ಹೊಸ ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಮುಂಬೈಯ ಹೋಟೆಲಿನಲ್ಲಿ ಅಡುಗೆಯವರು, ಒದ್ದೆ ನೆಲದಲ್ಲಿ ಜಾರಿ ಬಿದ್ದದ್ದಂತೆ. "ಫೋನ್ ಮಾಡ್ದ್ ನೀವೇ ಅಲ್ದಾ? ಬನ್ನಿ, ಕೂಕಣಿ" ಎಂದು ಉಪಚರಿಸಿದರು. ಬಸ್ರೂರಿನವಳೆಂದು ತಿಳಿದು ಇನ್ನಷ್ಟು ಸಂತೋಷಪಟ್ಟರು. ಬೆಲ್ಲ, ನೀರು ಬಂತು. ನಾನು ತಟ್ಟೆಯನ್ನು ಪಕ್ಕಕ್ಕಿಟ್ಟೆ.

"ನೀವ್ ಎಂತಕ್ ಒಂದ್ ದೂರ್ ಬರೀಲಿಲ್ಲೆ?" ಎಂದು ಕೇಳಿದೆ.

"ಯಾರ್ ಮೇಲ್ ಬರಿಯೂದ್ ಅಕ್ಕ? ಬರ್ದ್ರೆ ಆ ಹೆಣ್ಣಿನ್ ಕೆಲ್ಸ ಹೋತಿತ್ತ್. ನಾನ್ ಮೂವತ್ ವರ್ಷ ಹೋಟ್ಲಂಗ್ ಇದ್ದವ. ಸಾಂಬಾರ್ ಸಮ ಇಲ್ಲೆ ಅಂದ್ ಗಿರಾಕಿ ಧಣಿಗ್ ಹೇಳ್ರೆ ಬೈಸ್ಕಂಬುದ್ ತಂದ್ ಬಡ್ಸ್ದವ, ಕಾಸ್ದವ ಅಲ್ಲ. ನಮ್ ಬದಿಯರ್ ಯಾರೂ ದೂರ್ ಬರಿಯೂದಿಲ್ಲೆ."

ನನಗೆ ಕೆನ್ನೆಗೆ ಹೊಡೆದಂತಾಯಿತು. ಆ ವಿಮಾನದಲ್ಲಿ ಹೋಗಿಬರುವವರಲ್ಲಿ ಬಹಳ ಮಂದಿ ಹೋಟೆಲಿನವರು, ಇಲ್ಲವೇ ಹೋಟೆಲಿನವರ ಮಕ್ಕಳು. ನನ್ನ ಸ್ವಂತ ದೊಡ್ಡಪ್ಪ ಮಾಣಿಯಾಗಿ ದುಡಿದವರು. ಬಡಿಸುವವರ ಹೊಟ್ಟೆಯ ಮೇಲೆ ಹೊಡೆಯಬಾರದೆಂದು ಅವರು ಸುಮ್ಮನಿದ್ದರೆ, ಅದನ್ನು ನಾನು ತೃಪ್ತಿ ಎಂದು ಓದಿ ನಿರ್ದೇಶಕರಿಗೆ ಮಾರಿದ್ದೆ.

"ವೆಂಕಟಣ್ಣ, ಆ ಸಾಲ್ ಹಾಕ್ಸ್ದವ್ಳ್ ನಾನೇ" ಎಂದೆ.

ಅವರು ನನ್ನನ್ನು ದಿಟ್ಟಿಸಿದರು. ಒಳಗಿದ್ದ ತಮ್ಮ ಬಾಗಿಲಿಗೆ ಬಂದು ನಿಂತ. ವೆಂಕಟಣ್ಣ ಹೇಳಿದರು, "ಹಾಂಗಾರೆ ಪೆನ್ ತೆಗೀರಿ. ಈಗ ದೂರ್ ಬರೀರಿ. ನಿಮ್ ಮೇಲೆ. ಅದ್ರಿಂದ ಆ ಹೆಣ್ಣಿಗ್ ಎಂತ ಆತಿಲ್ಲೆ ಅಲ್ದಾ?"

ಅವರು ಹೇಳಿದರು, ನಾನು ಬರೆದೆ. "ಅಬ್ಬಿಯ ಮುಖ ಕಾಂಬುಕೆ ನಂಗೆ ಒಂದ್ ಮೊಳ ಜಾಗ ಬೇಕಿತ್ತ್. ಮೊದ್ಲ್ ಇದ್ದಿತ್ತ್. ಇವ್ರ್ ತೆಗ್ದ್ರ್." ಇವರು ಎಂಬಲ್ಲಿ ನನ್ನ ಪೂರ್ತಿ ಹೆಸರು, ಹುದ್ದೆ ಬರೆಸಿ ಕೆಳಗೆ ಸಹಿ ಹಾಕಿದರು. ತಮ್ಮ ಬಂದು ಬೆಲ್ಲದ ತಟ್ಟೆಯನ್ನು ಒಳಗೆ ಒಯ್ದ.

ಮುಂದಿನ ಸಭೆಯಲ್ಲಿ ನಾನು ಅದನ್ನೇ ಓದಿದೆ. ಯಾರೂ ನಗಲಿಲ್ಲ. ಮೊದಲ ಸಾಲಿನ ಆರು ಸೀಟುಗಳನ್ನು ಕಿತ್ತು ಜಾಗವನ್ನು ಮೊದಲಿನಂತೆ ಮಾಡಿದರು. 29 ಇಂಚು ಮಾತ್ರ ಹಾಗೆಯೇ ಉಳಿಯಿತು, ಅದನ್ನು ಬದಲಿಸಲು ನನ್ನಿಂದ ಆಗಲಿಲ್ಲ. ಅಗ್ಗದ ಟಿಕೆಟ್ ಪಾಪವೆಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ವೆಂಕಟಣ್ಣನಂಥವರು ವಿಮಾನ ಹತ್ತುತ್ತಲೇ ಇರಲಿಲ್ಲ. ಆದರೆ ಸುಮ್ಮನಿರುವವರು ಏಕೆ ಸುಮ್ಮನಿದ್ದಾರೆಂದು ಕೇಳದೆ ಅವರ ಪಾಲಿನ ಜಾಗ ಕತ್ತರಿಸಬಾರದು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಕಲಿಕೆಯ ಬೆಲೆ ತೆತ್ತವರು ಬೇರೆ. ಅವರ ಕಾಲು ನೆಟ್ಟಗಾಯಿತೆಂದು ಯಾರೋ ಹೇಳಿದರು. ಶಿರೂರಿನ ಮೇಲೆ ಬಸ್ಸಿನಲ್ಲಿ ಎಷ್ಟೋ ಸಲ ಹಾದುಹೋಗಿದ್ದೇನೆ, ಇಳಿದು ಆ ಜಗಲಿಯನ್ನು ಮತ್ತೆ ಹತ್ತುವ ಧೈರ್ಯ ಇಂದಿಗೂ ಬಂದಿಲ್ಲ.