ಅಂಗಾಲಿನ ಪ್ರಯಾಣಯೋಗ

ಊರಿನ ಅರ್ಧ ಜನರ ಕಾಲು ಹಿಡಿದವನು ನಾನು. ರಾಜಕಾರಣಿಯಲ್ಲ, ರಾಣೇಬೆನ್ನೂರಿನಲ್ಲಿ ನನ್ನದೊಂದು ಚಪ್ಪಲಿ ಅಂಗಡಿ ಇದೆ. ಹೆಬ್ಬೆರಳು ನೋಡಿ ನಂಬರು ಹೇಳುತ್ತೇನೆ, ಹಿಮ್ಮಡಿ ನೋಡಿ ಚೌಕಾಸಿ ಎಷ್ಟು ಹೊತ್ತು ನಡೆಯುತ್ತದೆಂದೂ ಹೇಳುತ್ತೇನೆ. ಇಂಥ ಪಂಡಿತ ತನ್ನ ಅಂಗಾಲನ್ನು ಮಾತ್ರ ನೋಡಿಕೊಂಡಿರಲಿಲ್ಲ. ಅಂಗಡಿಯ ಕನ್ನಡಿಯನ್ನು ನೆಲಕ್ಕೇ ಇಟ್ಟಿದ್ದೇನೆ, ನಿಜ. ಅದರಲ್ಲಿ ಕಾಣುವುದು ಚಪ್ಪಲಿಯ ಚಂದ ಮಾತ್ರ.

ನನ್ನ ಎಡಗಾಲ ಹಿಮ್ಮಡಿಯಡಿಯ ಕರಿ ಮಚ್ಚೆಯನ್ನು ಮೊದಲು ಕಂಡವಳು ಬ್ಯಾಡಗಿಯಲ್ಲಿರುವ ನನ್ನ ಅಕ್ಕ, ಜೈಬುನ್ನಿಸಾ ಆಪಾ. ನಮ್ಮಿಬ್ಬರ ಮಾತೆಲ್ಲ ಉರ್ದುವಿನಲ್ಲಿ; ಜಗಳ ಮತ್ತು ಭವಿಷ್ಯ ಮಾತ್ರ ಕನ್ನಡದಲ್ಲಿ.

"ಅಂಗಾಲಾಗ ಮಚ್ಚಿ ಎದ್ರ ದೂರದ ಪ್ರಯಾಣ ಐತಿ ನೋಡೋ. ನನಗೂ ಐತಿ. ನಾ ಹಜ್‌ಗೆ ಹೋಗಾಕಿ, ನೀ ದುಬೈಗರೆ ಹೋಗ್ತಿ" ಎಂದಳು.

ನಾನು ನಂಬಿದೆ. ಮಚ್ಚೆ ಅಡ್ಡಾದಿಡ್ಡಿ ಹರಡಿತು, ಆಮೇಲೆ ರಕ್ತ ಒಸರಿತು. ಆಣಿ ಇರಬೇಕೆಂದು ಮೆತ್ತನೆಯ ಚಪ್ಪಲಿಗೆ ಬದಲಾಯಿಸಿದೆ. ನಮ್ಮ ಕಸುಬಿನವರಿಗೆ ಎಲ್ಲ ರೋಗಕ್ಕೂ ಚಪ್ಪಲಿಯೇ ಔಷಧ.

ಹುಬ್ಬಳ್ಳಿಯ ಡಾಕ್ಟರು ಮೆಲನೋಮಾ ಎಂದರು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್.

"ಅದು ಬಿಳಿ ಮಂದಿ ಬ್ಯಾನಿ ಅಲ್ರಿ? ನನ್ನ ಬಣ್ಣ ನೋಡ್ರಿ!" ಎಂದು ವಾದಿಸಿದೆ.

ನಮ್ಮಂಥವರಿಗೆ ಬಿಸಿಲೇ ಕಾಣದ ಅಂಗಾಲು, ಅಂಗೈ, ಉಗುರಿನಡಿ ಇಂಥಲ್ಲೇ ಅದು ಹೆಚ್ಚಾಗಿ ಬರುತ್ತದಂತೆ. ಅಷ್ಟರಲ್ಲಿ ಅದು ತೊಡೆಸಂದಿ ದಾಟಿ ಶ್ವಾಸಕೋಶ ಸೇರಿತ್ತು. ಆಪಾ ಹೇಳಿದ್ದು ಸುಳ್ಳಾಗಲಿಲ್ಲ. ಪ್ರಯಾಣ ಹೊರಟದ್ದು ನಾನಲ್ಲ, ಮಚ್ಚೆ. ಅದರ ಬೆನ್ನು ಹತ್ತಿ ನಾನೂ ಹಾವೇರಿ ಮೇಲೆ ಹುಬ್ಬಳ್ಳಿಗೆ ಬಸ್ಸು ಹತ್ತುತ್ತೇನೆ, ಸಲೈನಿನಲ್ಲಿ ಔಷಧ ಏರಿಸಿಕೊಂಡು ಬರುತ್ತೇನೆ. ಹೋಗಲಾಡಿಸಲು ಆಗದು, ಹಿಡಿದಿಡಬಹುದು ಎಂದಿದ್ದಾರೆ. ಹೆದರಿಕೆ ಆಗುತ್ತದೆ. ಆದರೂ ಬಸ್ಸಿನಲ್ಲಿ ಕಿಟಕಿ ಸೀಟಿಗೆ ಜಗಳವಾಡುವುದನ್ನು ಬಿಟ್ಟಿಲ್ಲ.

ಈಗ ಅಂಗಡಿಗೆ ಬಂದವರ ಅಂಗಾಲು ನೋಡದೆ ಚಪ್ಪಲಿ ಕೊಡುವುದಿಲ್ಲ. ಅಪ್ಪಿತಪ್ಪಿ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಮ್ಮವರು. ಅವರಿಗೆ ಅಂಗಾಲು ಎತ್ತಿ ತೋರಿಸಿ ಎನ್ನುವುದೇ? ಹಲಗೇರಿಯ ಅಜ್ಜಿಯೊಬ್ಬಳು "ನಿಮ್ಮ ಮಾರಿಗೆ ಅಂಗಾಲು ತೋರಸ್ಲೇನ್ರಿ? ಪಾಪ ಬರತೈತಿ!" ಎಂದು ಹಳೆಯ ಚಪ್ಪಲಿಯಲ್ಲೇ ಎದ್ದು ನಡೆದಳು. ಪ್ರಚಾರ ಜೋರು, ವ್ಯಾಪಾರ ಮಂದ.

ಆದರೆ ನನಗೆ ನಿಜವಾಗಿ ಬೇಕಾಗಿದ್ದದ್ದು ಒಂದೇ ಅಂಗಾಲು. ಆಪಾ ಜಪ್ಪಯ್ಯ ಎಂದರೂ ಡಾಕ್ಟರಿಗೆ ತೋರಿಸಲೊಲ್ಲಳು.

"ಮಚ್ಚಿ ತಗದ್ರ ನನ್ನ ಹಜ್ ತಪ್ಪತೈತಿ."

"ಹಜ್‌ಗೆ ಮಚ್ಚಿ ನೋಡಿ ಕಳಸೂದಿಲ್ಲ ಆಪಾ, ಪಾಸ್‌ಪೋರ್ಟ್ ನೋಡಿ ಕಳಸ್ತಾರ!" ಎಂದು ಕೂಗಾಡಿದೆ. ಕೇಳಲಿಲ್ಲ. ಕೊನೆಗೆ ಪಾಪಪುಣ್ಯ ಮರೆತು, ಕೊಯ್ದು ಹೊಲಿದ ನನ್ನ ಹಿಮ್ಮಡಿಯನ್ನೇ ಅವಳ ಮುಖದೆದುರು ಹಿಡಿದೆ. "ನೋಡು, ಇದು ನನ್ನ ದುಬೈ."

ಅವಳು ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ನಾನೂ ಅತ್ತೆ. ಮರುದಿನ ಹುಬ್ಬಳ್ಳಿಗೆ ಹೊರಡಲು ಬುರ್ಖಾ ಹಾಕಿಕೊಂಡು ನನಗಿಂತ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿದ್ದಳು.

ಅವಳದೂ ಅದೇ ರೋಗ. ಇಬ್ಬರಿಗೂ ಬಂದದ್ದು ಬಲು ಅಪರೂಪ ಎಂದರು ಡಾಕ್ಟರು. ಆದರೆ ಅವಳದು ಇನ್ನೂ ಚರ್ಮದ ಮೇಲೆಯೇ ಇತ್ತು. ಕೊಯ್ದು ತೆಗೆದರು, ಮುಗಿಯಿತು.

ಗಾಯ ಪೂರ್ತಿ ಮಾಯ್ದ ಮೇಲೆ, ಹಜ್ ಯಾದಿಯಲ್ಲಿ ಹೆಸರು ಬಂತೆಂದು ಆಪಾ ಚಪ್ಪಲಿ ಕೊಳ್ಳಲು ಬಂದಳು. ಮಚ್ಚೆಯಿಲ್ಲದ ಕಾಲಿಗೆ ನಾನೇ ತೊಡಿಸಿದೆ. ಅವಳು ನನ್ನ ತಲೆಯ ಮೇಲಿನ ಬೋರ್ಡನ್ನು ಓದಿದಳು: ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ.

"ಅದೆಲ್ಲಾ ನನಗ ನಡ್ಯಂಗಿಲ್ಲ. ಚಪ್ಪಲ್ ಕಚ್ಚಿದ್ರ ಹಜ್ ಮುಗಿಸ್ಕೊಂಡು ಬಂದು ವಾಪಸ್ ಕೊಡ್ತೇನಿ. ಗಲ್ಲಾದ ಮ್ಯಾಲೆ ನೀನ ಕುಂತಿರಬೇಕು. ನೀನ ಇಸ್ಕೋಬೇಕು. ತಿಳೀತಿಲ್ಲೋ?"

"ಆತು ಆಪಾ" ಎಂದೆ.

ಇಷ್ಟು ವರ್ಷದ ವ್ಯಾಪಾರದಲ್ಲಿ, ನಾನು ಮಾರಿದ ಚಪ್ಪಲಿ ಒಂಚೂರಾದರೂ ಕಚ್ಚಲಿ ದೇವರೇ ಎಂದು ಬೇಡಿಕೊಂಡದ್ದು ಇದೇ ಮೊದಲು.